ವಚನ ಉಳಿಸಿದ್ದು ಅರಸರಷ್ಟೇ ಅಲ್ಲ
ಲೇಖನ ಚಲೋ ಐತ್ರಿ, ಆದ್ರ ಹನ್ನೆರಡನೇ ಶತಮಾನದಾಗ ಕಲ್ಯಾಣದ ಗಲಭೆ ಆಗಿ ಶರಣರು ಚದುರಿದ ಮ್ಯಾಗ ಶರಣರ ವಚನ ಉಳದಿದ್ದು ವಿಜಯನಗರದ ಅರಸರ ಆಶ್ರಯದಿಂದ ಅಂತ ಬರದೀರಲ್ಲ, ಅದನ್ನ ನಾ ಒಪ್ಪಂಗಿಲ್ಲ. ಹದಿನೈದನೇ ಶತಮಾನದ ವಿಜಯನಗರದ ಅರಸ ಪ್ರೌಢದೇವರಾಯನ ಕಾಲಕ್ಕ ವಚನ ಸಂಕಲನದ ಕೆಲಸ ದೊಡ್ಡದಾಗಿ ನಡೀತು ಖರೆ, ಆದ್ರ ಅದಕ್ಕಿಂತ ಮೊದಲ ಎರಡು ನೂರು ವರ್ಷಕ್ಕಿಂತ ಹೆಚ್ಚು ಅವನ್ನ ಯಾರು ಕಾಯ್ದ್ರು? ಮುಂದ ವಿಜಯನಗರಾನೂ ಬಿದ್ದು ಹೋತು, ಆಮ್ಯಾಲೆ ಯಾರು ಕಾಯ್ದ್ರು? ಮಠಗಳು, ಮತ್ತ ಸಾದಾ ಮಂದಿ ಮನಿ ದೇವರ ಜಗಲಿ. ಫ.ಗು. ಹಳಕಟ್ಟಿಯವ್ರು ವಿಜಯಪುರದಾಗ ವಕೀಲಿ ಮಾಡ್ಕೊಂತ ಊರೂರು ತಿರಗಿ ತಾಳೆಗರಿ ಕಟ್ಟು ಹುಡುಕಿ 1923ರಾಗ ವಚನಶಾಸ್ತ್ರಸಾರ ಅನ್ನೋ ವಚನ ಸಂಕಲನ ತಂದ್ರಲ್ಲ, ಆ ಕಟ್ಟು ಎಷ್ಟೋ ಮನಿಯೊಳಗ ಬಟ್ಟಿ ಸುತ್ತಿ ವಿಭೂತಿ ಹಚ್ಚಿ ಪೂಜಾ ಮಾಡಿ ಇಟ್ಟಿದ್ವು. ಓದಾಕ ಬರ್ತಿರಲಿಲ್ಲ, ಆದ್ರೂ ಒಗೀಲಿಲ್ಲ.

ಇನ್ನೊಂದು ಮಾತು, ಉಳವಿ ಹೆಸರು ನಿಮ್ಮ ಲೇಖನದಾಗ ಒಮ್ಮೆನೂ ಬಂದಿಲ್ಲ, ಬ್ಯಾಸರ ಆತು. ಕಲ್ಯಾಣ ಬಿಟ್ಟು ಬಂದ ಚನ್ನಬಸವಣ್ಣನವ್ರು, ಬಸವಣ್ಣನವ್ರ ಅಕ್ಕನ ಮಗ, ಐಕ್ಯ ಆದ ಜಾಗ ಅದು, ಉತ್ತರ ಕನ್ನಡದ ಕಾಡಿನಾಗ ಐತಿ. ಭಾರತ ಹುಣ್ಣಿಮಿ ಜಾತ್ರಿಗೆ ಧಾರವಾಡ, ಬೆಳಗಾವಿ ಕಡೆಯಿಂದ ಇವತ್ತಿಗೂ ಚಕ್ಕಡಿ ಹೂಡ್ಕೊಂಡು ಹೋಗ್ತಾರ. ಸಣ್ಣಾವಿದ್ದಾಗ ನಮ್ಮ ಅಮ್ಮನ ಜೋಡಿ ನಾನೂ ಹೋಗಿದ್ದೆ, ಕಟಕ ರೊಟ್ಟಿ ಶೇಂಗಾ ಚಟ್ನಿ ಬುತ್ತಿ, ಎತ್ತಿನ ಕೊರಳಗಂಟಿ, ಹಳಿಯಾಳ ದಾಟಿದ ಮ್ಯಾಲೆ ಬರೇ ಕಾಡು. ಆಕಿಗೆ ಅಕ್ಷರ ಬರ್ತಿರಲಿಲ್ಲ, ಆದ್ರ ಚಕ್ಕಡ್ಯಾಗ ಕುಂತು "ಶರಣರು ಇದ ದಾರಿಲೆ ಓಡಿ ಬಂದ್ರಪಾ, ಹಿಂದ ದಂಡು ಬೆನ್ನು ಹತ್ತಿತ್ತು" ಅಂತ ನಿನ್ನೆ ಮೊನ್ನೆ ಆದಂಗ ಹೇಳ್ತಿದ್ಲು, ಚನ್ನಬಸವಣ್ಣನವ್ರ ತಾಯಿ ಅಕ್ಕನಾಗಮ್ಮನ ಗವಿ ಮುಂದ ನಿಂತು ಕಣ್ಣೀರು ಹಾಕಿದ್ಲು. ಆಸ್ಥಾನದ ಹೆಸರು ಬರದಾಗ ಇಂಥಾವ್ರ ಹೆಸರೂ ಬರೀರಿ.