ಬಾಣಲೆಯಲ್ಲಿ ಕರಗಿದ ಗುಡ್ಡ

ಹೆಂಡತಿ ತವರಿಗೆ ಹೋಗಿದ್ದಳು. ಸಂತೆಯಲ್ಲಿ ಎಳೇ ಹೀರೇಕಾಯಿ ಕಂಡಿತು. 1 ಕೇಜಿ ತಂದೆ. ಎರಡು ಹೊತ್ತಿನ ಪಲ್ಯಕ್ಕೆ ಸಾಕು ಅಂತ ಲೆಕ್ಕ.

ಸಿಪ್ಪೆ ಹೆರೆದು, ಹೆಚ್ಚಿ ಬಾಣಲೆಗೆ ಹಾಕಿದೆ. ಗುಡ್ಡದ ಹಾಗೆ ತುಂಬಿತು, ಸೌಟು ಆಡಿಸಲೂ ಜಾಗವಿಲ್ಲ. ಗುಡ್ಡಕ್ಕೆ ತಕ್ಕಷ್ಟು ಉಪ್ಪು ಬೇಡವೇ? ಧಾರಾಳವಾಗಿಯೇ ಹಾಕಿದೆ. ತಳ ಹಿಡಿಯದಿರಲಿ ಅಂತ ಒಂದು ಲೋಟ ನೀರನ್ನೂ ಸುರಿದು, ಮುಚ್ಚಿಟ್ಟು ಬಂದೆ.

ಹತ್ತು ನಿಮಿಷ ಬಿಟ್ಟು ಮುಚ್ಚಳ ತೆಗೆದರೆ ಗುಡ್ಡ ಇಲ್ಲ, ಕೆರೆ! ನಡುವೆ ನಾಲ್ಕು ಹೋಳು ಈಜುತ್ತಿವೆ. ರುಚಿ ನೋಡಿದೆ. ಕೆರೆಯಲ್ಲ, ಸಮುದ್ರ.

ಅಮ್ಮನಿಗೆ ಫೋನ್ ಮಾಡಿದೆ.

"ನೀರು ಹಾಕಿದ್ಯಾ?"

"ಒಂದೇ ಲೋಟ."

"ಅಯ್ಯೋ, ಹೀರೇಕಾಯಿಗೆ ಯಾರಾದ್ರೂ ನೀರು ಹಾಕ್ತಾರೇನೋ?"

ಆಮೇಲೆ ಗೊತ್ತಾಯಿತು, 100 ಗ್ರಾಂ ಹೀರೇಕಾಯಿಯಲ್ಲಿ ಸುಮಾರು 95 ಗ್ರಾಂ ನೀರೇ ಅಂತೆ. ನಾನು ನೀರಿಗೆ ನೀರು ಹಾಕಿ ಬೇಯಿಸಿದ್ದೆ. ತೂಕ ಇಳಿಸೋರಿಗೆ ಒಳ್ಳೇ ತರಕಾರಿ ಅನ್ನುತ್ತಾರಲ್ಲ, ನಮ್ಮನೆಯಲ್ಲಿ ಮೊದಲು ಇಳಿದದ್ದು ತರಕಾರಿಯೇ.

"ಕಹಿ ನೋಡಿದ್ಯಾ?"

ಪುಣ್ಯಕ್ಕೆ ಅದೊಂದು ಮಾಡಿದ್ದೆ. ಒಂದೊಂದು ಕಾಯಿಯಿಂದಲೂ ಚೂರು ಕಚ್ಚಿ ನೋಡಿದ್ದೆ. ಹೋದ ವರ್ಷ ಕಹಿ ಹೀರೇಕಾಯಿಯನ್ನು ಬೆಲ್ಲ, ಹುಣಸೆಹಣ್ಣು ಹಾಕಿ ಸರಿಮಾಡಲು ಹೋಗಿ, ತಿಂದು, ರಾತ್ರಿಯಿಡೀ ವಾಂತಿ ಮಾಡಿಕೊಂಡವನು ನಾನು. ಅಂಥದ್ದನ್ನು ಸುಮ್ನೆ ಎಸೆಯಬೇಕು.

"ಸರಿ, ಒಂದು ಪಾವು ತೊಗರಿಬೇಳೆ ಬೇಯ್ಸಿ ಸೇರಿಸು. ಉಪ್ಪು ಮುಟ್ಟಬೇಡ. ಶುಂಠಿ, ಹಸಿಮೆಣಸಿನಕಾಯಿ ಒಗ್ಗರಣೆ ಕೊಟ್ಟು ನಿಂಬೆಹಣ್ಣು ಹಿಂಡು. ತೊವ್ವೆ ಆಗುತ್ತೆ."

ಒಂದು ಪಾವು ಸಾಲಲಿಲ್ಲ. ಇನ್ನೊಂದು ಪಾವು ಬೇಯಿಸಿದೆ. ಈಗ ಸಣ್ಣ ಸಮಾರಂಭಕ್ಕಾಗುವಷ್ಟು ತೊವ್ವೆ, ಉಣ್ಣಲು ನಾನೊಬ್ಬನೇ. ಮೂರು ದಿನ ಅದೇ.

ಇಷ್ಟಕ್ಕೆಲ್ಲ ಅಮ್ಮ ಬೈದಿರಲಿಲ್ಲ. ಫೋನ್ ಇಡುವ ಮುಂಚೆ ಕೇಳಿದಳು, "ಸಿಪ್ಪೆ ಎಲ್ಲಿಟ್ಟಿದ್ದೀಯ?"

"ಕಸದ ಬುಟ್ಟಿಗೆ ಹಾಕಿದೆ."

ಆ ಕಡೆ ಸದ್ದೇ ಇಲ್ಲ. ಅಮ್ಮನ ಪ್ರಕಾರ ಹೀರೇಕಾಯಿ ತರುವುದೇ ಸಿಪ್ಪೆಗೋಸ್ಕರ. ಎಣ್ಣೆಯಲ್ಲಿ ಗರಿಗರಿ ಹುರಿದು, ಉದ್ದಿನಬೇಳೆ, ಬ್ಯಾಡಗಿ ಮೆಣಸಿನಕಾಯಿ, ಹುಣಸೆಹಣ್ಣು, ಕೊಬ್ಬರಿ ಸೇರಿಸಿ ತರಿತರಿಯಾಗಿ ರುಬ್ಬಿದ ಚಟ್ನಿ. ಬಿಸಿ ಅನ್ನಕ್ಕೆ ಕಲಸಿ, ಮೇಲೆ ತುಪ್ಪ. ಅದರ ಮುಂದೆ ಪಲ್ಯ ಯಾವ ಲೆಕ್ಕ ಅಲ್ವಾ?

ಮೆಲ್ಲಗೆ ಬುಟ್ಟಿಯ ಮುಚ್ಚಳ ಎತ್ತಿದೆ. ಸಿಪ್ಪೆ ಮೇಲೇ ಇತ್ತು. ಅದರ ಮೇಲೆ ಕಾಫಿ ಚರಟ.

"ಅಮ್ಮಾ, ತೊಳೆದರೆ ಆಗಲ್ವಾ?"

ಫೋನ್ ಕಟ್ಟಾಯಿತು.