ಮಂಡಕ್ಕಿ ಅಂಗಡಿಯ ಕಲೆ

ಭಾನುವಾರ ಸಂಜೆ ನಾವು ಐದು ಜನ ಮಂಡಕ್ಕಿ ಅಂಗಡಿಯಲ್ಲಿ ಸೇರುತ್ತೇವೆ. ದಾವಣಗೆರೆಯಲ್ಲಿ ಹರಟೆ ಅಂದಮೇಲೆ ಒಗ್ಗರಣೆ ಮಂಡಕ್ಕಿ, ಬಿಸಿ ಮೆಣಸಿನಕಾಯಿ ಇರಲೇಬೇಕಲ್ವಾ? ಐವರಲ್ಲಿ ನಾಲ್ವರು ಮಾತಾಡುತ್ತೇವೆ. ಐದನೆಯವನು ತಿನ್ನುತ್ತಾನೆ.

ಒಂದು ವಾರ ನನಗೆ ಆ ಹರಟೆಯನ್ನೇ ಚಿತ್ರ ಮಾಡುವ ಹುಚ್ಚು ಹತ್ತಿತು. ಊರಲ್ಲಿ 1964ರಿಂದ ದೃಶ್ಯಕಲಾ ಕಾಲೇಜಿದೆ. ನಾನು ಅದರ ಗೇಟೂ ದಾಟಿದವನಲ್ಲ. ಅದಕ್ಕೇ ಧೈರ್ಯ ಜಾಸ್ತಿ. ಮುಖ, ಮೇಜು, ಲೋಟ ಏನೂ ಬೇಡ, ಬರೀ ಗೆರೆ. ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಸ್ಕೆಚ್ ಪೆನ್. ದನಿ ಏರಿದರೆ ಗೆರೆ ದಪ್ಪ. ಬಟ್ಟೆ ಅಂಗಡಿಯ ಗೆಳೆಯನದು ಕೆಂಪು. ಹತ್ತೇ ನಿಮಿಷದಲ್ಲಿ ಅರ್ಧ ಹಾಳೆ ಅವನದಾಯಿತು. ಮೇಷ್ಟ್ರದು ನೀಲಿ. ಅವರು "ಅದು ಹಂಗಲ್ಲಪ್ಪಾ..." ಅನ್ನುವಷ್ಟರಲ್ಲಿ ಕೆಂಪು ಅಡ್ಡ ಬರುತ್ತಿತ್ತು. ಹಾಗಾಗಿ ನೀಲಿಯೆಲ್ಲ ತುಂಡು ತುಂಡು. ಬ್ಯಾಂಕಿನಿಂದ ರಿಟೈರಾದವರು ಎಲ್ಲದಕ್ಕೂ "ಹ್ಞೂಂ" ಅನ್ನುತ್ತಾರೆ. ಅವರಿಗೆ ಹಸಿರು ಚುಕ್ಕಿ. ನನ್ನ ಗೆರೆ ಎಷ್ಟುದ್ದ ಇತ್ತೆಂದು ಹೇಳುವುದು ಬೇಡ.

ಕಷ್ಟವಾಗಿದ್ದು ಮೌನ. ಸುಮ್ನೆ ಖಾಲಿ ಬಿಟ್ಟರಾಯಿತು ಅಂದುಕೊಂಡಿದ್ದೆ. ಆದರೆ ಮೆಣಸಿನಕಾಯಿ ಖಾರ ನೆತ್ತಿಗೇರಿದಾಗಿನ ಮೌನ ಬೇರೆ, ಬಿಲ್ ಬಂದಾಗಿನದು ಬೇರೆ. ಮೇಷ್ಟ್ರ ಮಗನ ರಿಸಲ್ಟ್ ಏನಾಯ್ತು ಎಂದು ಯಾರೋ ಕೇಳಿಬಿಟ್ಟ ಮೇಲಂತೂ ಬಾಣಲೆಯ ಚುರ್ ಸದ್ದು ಬಿಟ್ಟರೆ ಬೇರೇನೂ ಇಲ್ಲ. ರಷ್ಯಾದ ಚಿತ್ರಕಾರ ಕ್ಯಾಂಡಿನ್ಸ್ಕಿ ನೂರು ವರ್ಷಕ್ಕೂ ಹಿಂದೆಯೇ ಬಿಳಿಯೂ ಕಪ್ಪೂ ಎರಡು ಥರದ ಮೌನ ಎಂದು ಬರೆದಿದ್ದ. ಬಿಳಿಯಲ್ಲಿ ಇನ್ನೂ ಏನಾದರೂ ಹುಟ್ಟಬಹುದು; ಕಪ್ಪಿನಲ್ಲಿ ಎಲ್ಲ ಮುಗಿದಿದೆ. ಅವನ ಮಾತು ನಂಬಿ ರಿಸಲ್ಟಿನ ಜಾಗಕ್ಕೆ ಕಪ್ಪು ಬಳಿದೆ. ಮರುನಿಮಿಷಕ್ಕೇ ಮೇಷ್ಟ್ರು "ಇನ್ನೊಂದ್ ಪ್ಲೇಟ್ ಹೇಳ್ರಪ್ಪಾ" ಅಂದರು. ಸ್ಕೆಚ್ ಪೆನ್ನಿನ ಕಪ್ಪು ಅಳಿಸಲಾಗುತ್ತದೆಯೇ?

ಐದನೆಯವನಿಗೆಂದು ಮೂಲೆಯಲ್ಲಿ ಅಂಗೈಯಗಲ ಬಿಳಿ ಬಿಟ್ಟಿದ್ದೆ. ಹೊರಡುವಾಗ ಅವನು ಹಾಳೆ ಇಸಕೊಂಡು ನೋಡಿದ, ವಾಪಸ್ ಕೊಟ್ಟ. ಅಷ್ಟೇ.

ಮುಂದಿನ ಭಾನುವಾರ ಫ್ರೇಮ್ ಹಾಕಿಸಿ ತಂದೆ. ನನ್ನ ಗೆರೆಗಳ ಬಗ್ಗೆ ಯಾರೂ ಕೇಳಲಿಲ್ಲ. ಬಿಳಿ ಜಾಗದಲ್ಲಿದ್ದ ಹಳದಿ ಕಲೆಯ ಮೇಲೇ ಎಲ್ಲರ ಕಣ್ಣು. "ಮಾತಾಡದವನ ಒಳಗೂ ಒಂದು ಬೆಳಕು ಇರ್ತತಿ ಅಂತ ತೋರ್ಸೀರಿ" ಎಂದರು ಮೇಷ್ಟ್ರು. ಯಾರೂ ಅಡ್ಡ ಬರಲಿಲ್ಲ. "ಹ್ಞೂಂ" ಎಂದರು ಬ್ಯಾಂಕಿನವರು. ಬಟ್ಟೆ ಅಂಗಡಿಯವನು ಗಾಜಿಗೆ ಮೂಗು ತಾಗಿಸಿ, "ಈ ಬಣ್ಣ ಎಲ್ಲಿ ಸಿಗ್ತಲೇ?" ಎಂದು ಕೇಳಿದ.

ನಾನು ಐದನೆಯವನ ಕಡೆ ನೋಡಿದೆ. ಅವನು ಮೆಣಸಿನಕಾಯಿ ಹಿಡಿದಿದ್ದ ಬೆರಳುಗಳನ್ನು ನಿಧಾನಕ್ಕೆ ಪೇಪರಿಗೆ ಒರೆಸಿಕೊಳ್ಳುತ್ತಿದ್ದ.