ನಾಯಿಗಿಂತ ಮೊದಲು ಕೋಲಿಗೆ ಜಾಗ ಕೊಡ್ರಿ

ಅಮೆರಿಕದ ಗ್ರಂಥಾಲಯಗಳು ಅಂಧ ಓದುಗರ ಮಾರ್ಗದರ್ಶಿ ನಾಯಿಯನ್ನು ಒಳಗೆ ಬಿಡಲೇಬೇಕು ಅನ್ನೋ ಲೇಖನ ಓದಿ, ಅದರ ಕೆಳಗಿನ ಕಾಮೆಂಟಿನಲ್ಲಿ ಒಬ್ಬರು ‘ನಮ್ಮಲ್ಲಿ ಮನುಷ್ಯರೇ ಬರಲ್ಲ, ನಾಯಿ ಬೇರೆ ಕೇಡು’ ಅಂತ ನಕ್ಕಿದ್ದಾರೆ. ನಗ್ರಿ, ಆದರೆ ಅಲ್ಲಿನ ನಿಯಮ ಎಷ್ಟು ಸರಳ ನೋಡ್ರಿ. ನಾಯಿ ಯಾಕೆಂದು ಗೊತ್ತಾಗದಿದ್ದರೆ ಸಿಬ್ಬಂದಿ ಎರಡೇ ಪ್ರಶ್ನೆ ಕೇಳಬಹುದು: ಅಂಗವೈಕಲ್ಯದ ಕಾರಣಕ್ಕೆ ಬೇಕಾದ ನಾಯಿಯೇ? ಯಾವ ಕೆಲಸಕ್ಕೆ ಪಳಗಿಸಿದ್ದೀರಿ? ಕಾಗದಪತ್ರ ಕೇಳುವಂತಿಲ್ಲ. ನಾಯಿ ಹದ್ದುಮೀರಿದರೆ ಹೊರಗೆ ಕಳಿಸಬಹುದು, ಮಾಲೀಕರನ್ನಲ್ಲ. ಸುಮ್ಮನೆ ಸಮಾಧಾನಕ್ಕೆ ಸಾಕಿದ ನಾಯಿಗೆ ಈ ಹಕ್ಕಿಲ್ಲ.

ನಮ್ಮ ಕಲಬುರಗಿಯಲ್ಲಿ ಇಂಥ ನಾಯಿ ನಾನಂತೂ ಕಂಡಿಲ್ಲ. ಕಂಡದ್ದು ಕಣ್ಣು ಕಾಣದ ನಮ್ಮ ಕಾಕಾನ ಬಿಳಿ ಕೋಲು. ಒಂದು ಗ್ರಂಥಾಲಯದ ಬಾಗಿಲಲ್ಲಿ, ‘ಚೀಲ, ಛತ್ರಿ, ಕೋಲು ಎಲ್ಲಾ ಹೊರಗ ಇಟ್ಟು ಬರ್ರಿ’ ಅಂದರು. ಕಾಕಾ ಮಡಚುವ ಕೋಲನ್ನು ಟಕ್ ಟಕ್ ಅಂತ ನಾಲ್ಕು ಮಡಿಕೆ ಮಾಡಿ, ‘ತಗೋರಿ, ನನ್ನ ಕಣ್ಣು ಇಲ್ಲೇ ಇರಲಿ’ ಅಂತ ಮೇಜಿನ ಮೇಲಿಟ್ಟ. ಬಾಗಿಲಲ್ಲಿ ಕೂತಿದ್ದಾತ ಗಾಬರಿಯಾಗಿ ವಾಪಸ್ ಕೊಟ್ಟ ಅನ್ನಿ! ಕೆಟ್ಟವನಲ್ಲ, ಯಾರೂ ಹೇಳಿಕೊಟ್ಟಿರಲಿಲ್ಲ ಅಷ್ಟೇ. ಸಾರ್ವಜನಿಕ ಕಟ್ಟಡ ಎಲ್ಲರಿಗೂ ಸುಗಮವಾಗಿರಬೇಕು ಅನ್ನೋದು 2016ರ ವಿಕಲಚೇತನರ ಕಾಯ್ದೆಯಲ್ಲೇ ಇದೆ. ಅದನ್ನ ಬಾಗಿಲ ಹತ್ತಿರ ಕೂತವರಿಗೆ ಹೇಳೋರು ಯಾರು?

ಹಾಂ, ‘ನಾಯಿ ಬೇರೆ ಕೇಡು’ ಅಂದವರಿಗೆ ಒಂದು ಮಾತು. ಅದೇ ಗ್ರಂಥಾಲಯದಾಗ ಮೇ ತಿಂಗಳ ಬಿಸಿಲಿಗೆ ಪೇಪರ್ ಮೇಜಿನ ಕೆಳಗೆ ಒಂದು ಬೀದಿನಾಯಿ ದಿನಾ ಮಲಗ್ತಿತ್ತು. ಶಹಾಬಾದ್ ಕಲ್ಲಿನ ನೆಲ, ತಂಪು. ಅದಕ್ಕೆ ಯಾರೂ ಏನೂ ಕೇಳಲಿಲ್ಲ.